ಯಾವ ಅಡ್ಡಿಯೂ ಇಲ್ಲವೆಂದು

‘ಪ’ ಅಕ್ಷರದ ಹದಿನೇಳನೆಯ ಡ್ರಾಯರನ್ನು ಅವನು ಅವತ್ತು ಮೂರನೆಯ ಸಲ ಎಳೆದ. ಎಳೆದ ರಭಸಕ್ಕೆ ಅದು ಪೂರ್ತಿ ಹೊರಬಂದು ಮೊಣಕಾಲಿಗೆ ಬಡಿಯಿತು. ಅಯ್ಯೋ ಎನ್ನುವಷ್ಟು ನೋವಾದರೂ ಅನ್ನಲಿಲ್ಲ. ಪಕ್ಕದ ಮೇಜಿನಲ್ಲಿ ಟೈಪಿಸ್ಟ್ ಕೂತಿದ್ದಳು. ಆಗಲೇ ಎರಡು ಸಲ ಅವಳು “ಏನು ಕಳ್ಕೊಂಡ್ರಿ ಚೀಟಿಯಣ್ಣ, ಹೇಳಿದ್ರೆ ನಾನೂ ಹುಡುಕ್ತೀನಿ” ಎಂದಿದ್ದಳು, ಎರಡು ಸಲವೂ ಅವನು “ಏನಿಲ್ಲಮ್ಮ, ಒಂದು ಚೀಟಿ” ಎಂದಿದ್ದ. ಪೂರ್ತಿ ಸುಳ್ಳೇನೂ ಅಲ್ಲ. ಈ ಪದಕೋಶದ ಕಚೇರಿಯಲ್ಲಿ ಕಳೆದುಹೋಗುವುದಕ್ಕೆ ಚೀಟಿ ಬಿಟ್ಟರೆ ಇನ್ನೇನಿದೆ? ಅಂಗೈಯಗಲದ ದಪ್ಪ ಕಾಗದದ ನಾಲ್ಕು ಲಕ್ಷ ಚೀಟಿಗಳು. ಒಂದೊಂದರ ಮೇಲೂ ಎಲ್ಲಿಂದಲೋ ಎತ್ತಿಕೊಂಡ ಒಂದು ವಾಕ್ಯ. ಯಾವ ಪದಕ್ಕಾಗಿ ಅದನ್ನು ಎತ್ತಿಕೊಂಡರೋ ಆ ಪದದ ಕೆಳಗೆ ಕೆಂಪು ಪೆನ್ಸಿಲಿನ ಗೆರೆ. ಗೆರೆ ಯಾವ ಪದಕ್ಕಿದೆಯೋ ಆ ಪದದ ಡ್ರಾಯರಿಗೆ ಚೀಟಿ. ಇಪ್ಪತ್ತಾರು ವರ್ಷದಿಂದ ಅವನು ಮಾಡಿಕೊಂಡು ಬಂದಿರುವ ಕೆಲಸ ಇಷ್ಟೇ. ಆದರೆ ಇವತ್ತು ಕಳೆದಿರುವ ಚೀಟಿ ಪದಕೋಶದ್ದಲ್ಲ, ಅಕ್ಕನ ಮದುವೆಯ ಲೈಸೆನ್ಸು. ಆಗಲೇ ಎರಡೂಕಾಲು ಗಂಟೆ.

ಅಕ್ಕನಿಗೆ ಐವತ್ತೆಂಟು, ಅವನಿಗೆ ಐವತ್ತೊಂದು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದು ಕೇಳುವವರು ಕೇಳಿ ಮುಗಿಸಿದ್ದರು. ವರ ಎನ್ನಲು ಅವನ ನಾಲಿಗೆ ಹೊರಳದ ಆ ಮನುಷ್ಯ ದೊಡ್ಡ ರಸ್ತೆಯ ಮೂಲೆಯಲ್ಲಿ ಕನ್ನಡಕದ ಅಂಗಡಿ ಇಟ್ಟವರು, ಹೆಂಡತಿ ತೀರಿಕೊಂಡು ಹನ್ನೆರಡು ವರ್ಷವಾದವರು, ಹಿಂದೆ ಮುಂದೆ ಯಾರೂ ಇಲ್ಲದವರು. ಮದುವೆ ಕಚೇರಿಗೆ ಅರ್ಜಿ ಕೊಟ್ಟು, ಅದು ಮೂವತ್ತು ದಿನ ನೋಟಿಸ್ ಬೋರ್ಡಿನ ಮೇಲಿದ್ದು, ಯಾರೂ ತಕರಾರು ಎತ್ತದೆ, ಲೈಸೆನ್ಸು ಕೈಗೆ ಬಂದು ಇವತ್ತಿಗೆ ತೊಂಬತ್ತು ದಿನ. ತೊಂಬತ್ತನೆಯ ದಿನ ಸಂಜೆ ಐದಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಮತ್ತೆ ಅರ್ಜಿ, ಮತ್ತೆ ಬೋರ್ಡು, ಮತ್ತೆ ಮೂವತ್ತು ದಿನ. ನಕಲು ಬೇಕೆಂದರೆ ಏಳು ದಿನ. ಕನ್ನಡಕದವರಿಗೆ ನಾಳೆ ಬೆಳಿಗ್ಗೆ ಎಂಟಕ್ಕೆ ಎದೆಯ ಆಪರೇಷನ್. ಡಾಕ್ಟರು ಮುಖ ನೋಡದೆ ‘ಅರ್ಧಕ್ಕರ್ಧ’ ಎಂದಿದ್ದರು. ಅವರನ್ನು ಸೇರಿಸಿರುವ ವಾರ್ಡಿನೊಳಗೆ ಮನೆಯವರನ್ನು ಬಿಟ್ಟು ಬೇರೆ ಯಾರನ್ನೂ ಬಿಡುವುದಿಲ್ಲ. ಅಕ್ಕ ಹೋದ ವಾರ ಬಾಗಿಲ ತನಕ ಹೋಗಿ, ಕೈಯಲ್ಲಿದ್ದ ಹಣ್ಣಿನ ಚೀಲದ ಸಮೇತ ವಾಪಸ್ ಬಂದಿದ್ದಳು. “ಹಣ್ಣು ಒಳಗೆ ಹೋಗುತ್ತಂತೆ ಕಣೋ, ನಾನು ಹೋಗೋ ಹಾಗಿಲ್ಲವಂತೆ,” ಎಂದು ನಗಲು ಹೋಗಿ ಅಡುಗೆಮನೆಗೆ ನಡೆದುಬಿಟ್ಟಿದ್ದಳು. ಇವತ್ತು ಐದರೊಳಗೆ ಮದುವೆ ಕಚೇರಿಯ ಮೇಜಿನ ಮೇಲೆ ಎರಡು ಸಹಿ ಬಿದ್ದರೆ ಈ ರಾತ್ರಿ ಅವಳು ಆ ಮನುಷ್ಯನ ಪಕ್ಕ ಕೂತಿರಬಹುದು. ಬೀಳದಿದ್ದರೆ ಇಲ್ಲ.

ಲೈಸೆನ್ಸು ಬಂದ ದಿನ ಅಕ್ಕ ಅದನ್ನು ತಾನು ಇಟ್ಟುಕೊಳ್ಳದೆ ಅವನ ಕೈಗೆ ಕೊಟ್ಟಿದ್ದಳು. “ನೀನೇ ಇಟ್ಕೋ. ಕಾಗದದ ವಿಷಯದಲ್ಲಿ ನೀನು ಜೋಪಾನ.” ಅವನು ಜೋಪಾನ ಮಾಡಿದ್ದೇನೆಂದರೆ, ಮೊದಲು ದಿನ ಮುಂದೂಡಿದ. ಈ ಸಂಪುಟ ಪ್ರೆಸ್ಸಿಗೆ ಹೋಗಲಿ ಅಕ್ಕ, ಆಮೇಲೆ ನಿಶ್ಚಿಂತೆಯಾಗಿ ಮಾಡೋಣ ಎಂದ. ಅವಳು ಆಗಲಿ ಎಂದಳು. ಅವನು ಏನಂದರೂ ಆಗಲಿ ಎಂದೇ ಅಂದವಳು ಅವಳು. ಅಷ್ಟರಲ್ಲಿ ಸಂಪುಟ ಉರುಳಿ ಉರುಳಿ ‘ಪರವಾನಗಿ’ಗೆ ಬಂದು ನಿಂತಿತು. ಆ ಪದಕ್ಕೆ ಇದ್ದದ್ದೆಲ್ಲ ಹಳೇ ಕಾಲದ ಚೀಟಿಗಳು: ಕಟ್ಟಿಗೆ ಕಡಿಯಲು ಪರವಾನಗಿ, ಬಂದೂಕಿಗೆ ಪರವಾನಗಿ. ಜನ ಈಗ ಬಳಸುವ ಒಂದು ವಾಕ್ಯ ಬೇಕಿತ್ತು. ಅವನಿಗೆ ತನ್ನ ಚೀಲದಲ್ಲಿದ್ದ ಲೈಸೆನ್ಸು ನೆನಪಾಯಿತು, ನೆನಪಾದ ಕೂಡಲೇ ಕಸುಬಿನವನ ಆಸೆಬುರುಕತನ ಎದ್ದು ಕೂತಿತು. ಅದೂ ಅಂಗೈಯಗಲದ ದಪ್ಪ ಕಾಗದವೇ. ಅದರಲ್ಲಿ ಅಚ್ಚಾಗಿದ್ದ ವಾಕ್ಯ ಹೀಗಿತ್ತು: ‘ಕೆಳಗೆ ಹೆಸರಿಸಿದ ಇಬ್ಬರು ಪರಸ್ಪರ ಮದುವೆಯಾಗಲು ಯಾವ ಅಡ್ಡಿಯೂ ಇಲ್ಲವೆಂದು ಮನಗಂಡು ಈ ಪರವಾನಗಿಯನ್ನು ನೀಡಲಾಗಿದೆ.’ ಎಷ್ಟು ಲಕ್ಷಣವಾದ ವಾಕ್ಯ! ಚೀಟಿಯೊಂದಕ್ಕೆ ಅದನ್ನು ನಕಲು ಮಾಡಿ, ಅಕ್ಷರ ಅಕ್ಷರವನ್ನೂ ಮೂಲದೊಂದಿಗೆ ತಾಳೆ ನೋಡಿದ. ಅವತ್ತು ಸಂಜೆ ಎಂದಿನಂತೆ ಮೇಜಿನ ಮೇಲಿದ್ದ ನೂರಾರು ಚೀಟಿಗಳನ್ನು ಡ್ರಾಯರುಗಳಿಗೆ ಹಂಚಿ ಮನೆಗೆ ಹೋದ. ಐದು ವಾರದ ಹಿಂದಿನ ಮಾತು. ನಿನ್ನೆ ರಾತ್ರಿ ಅಕ್ಕ “ಲೈಸೆನ್ಸ್ ಎತ್ತಿಟ್ಕೊಂಡಿದ್ದೀಯಲ್ಲ?” ಎಂದಾಗ “ಇದೆ” ಎಂದ. ಬೆಳಿಗ್ಗೆ ಚೀಲದ ಲಕೋಟೆ ಬಿಚ್ಚಿದರೆ ಒಳಗಿದ್ದದ್ದು ಅವನ ಕೈಬರಹದ ನಕಲು. “ಆಫೀಸಲ್ಲೇ ಉಳಿದಿದೆ, ಹುಡುಕಿ ತರ್ತೀನಿ” ಎಂದು ಅಕ್ಕನಿಗೆ ಹೇಳಿ ಬಂದಿದ್ದ. ಮೂಲವನ್ನು ಡ್ರಾಯರಿಗೆ ಹಾಕಿ ನಕಲನ್ನು ಜೋಪಾನ ಮಾಡಿದ್ದ. ಇಂಥ ತಪ್ಪು ಮಾಡಲು ಇಪ್ಪತ್ತಾರು ವರ್ಷದ ಅನುಭವ ಬೇಕು.

ಹಾಗಾದರೆ ಅದು ಇರಬೇಕಾದ್ದು ಅದೇ ‘ಪರವಾನಗಿ’ಯ ಕಟ್ಟಿನಲ್ಲಿ. ಇರಲಿಲ್ಲ. ಮೂರು ಸಲ ನೋಡಿದರೂ ಇರಲಿಲ್ಲ. ಕಟ್ಟಿನ ಮೇಲಿನ ಚೀಟಿಯಲ್ಲಿ ಅವನದೇ ಅಕ್ಷರ: ‘ಪರ್ಷಿಯನ್ ಪರ್ವಾನಾ, ಬರಹದಲ್ಲಿ ಕೊಟ್ಟ ಆಜ್ಞೆ, ಅದರಿಂದ ಪರವಾನಗಿ.’ ಅಂದರೆ ಮೇಲಿರುವವನು ಕೆಳಗಿರುವವನಿಗೆ ಬರೆದು ಕೊಡುವುದು. ಅಕ್ಕ ಅವನನ್ನು ಎಂದೂ ಪರವಾನಗಿ ಕೇಳಲಿಲ್ಲ. ಒಂದು ಭಾನುವಾರ ಅವನ ಅಂಗಿಗೆ ಗುಂಡಿ ಹೊಲಿಯುತ್ತ, ದಾರ ಕಚ್ಚಿ ಕಡಿದು, “ನಾನು ಅವರನ್ನ ಮದುವೆ ಆಗೋಣ ಅಂತಿದೀನಿ, ನಿನಗೆ ಏನನ್ಸುತ್ತೆ?” ಎಂದಳು ಅಷ್ಟೇ. ಏನನ್ನಿಸಿತು? ಕಾಲ ಕೆಳಗಿನ ಚಾಪೆ ಎಳೆದ ಹಾಗೆ ಅನ್ನಿಸಿತು. “ಒಳ್ಳೇದಾಯ್ತು ಬಿಡು,” ಎಂದ. ಗುಂಡಿ ಭದ್ರವಾಗಿದೆಯೇ ಎಂದು ಅವಳು ಎರಡು ಸಲ ಎಳೆದು ನೋಡಿದಳು. ಆಮೇಲೆ ತಾನಾಗಿಯೇ ಹೇಳಿದಳು: ಕಣ್ಣು ತೋರಿಸಲು ಹೋದಾಗ ಅವರು ಅರ್ಧ ಗಂಟೆ ಗಾಜು ಬದಲಿಸಿ ಬದಲಿಸಿ ನೋಡಿ, ‘ನಿಮ್ಮ ಕಣ್ಣಿಗೆ ಏನೂ ಆಗಿಲ್ಲಮ್ಮ, ನೋಡಿದ್ದನ್ನೇ ನೋಡಿ ಬೇಜಾರಾಗಿದೆ ಅಷ್ಟೇ’ ಎಂದರಂತೆ. ಹೇಳಿ ಹೇಳಿ ನಕ್ಕಳು. ಆ ನೋಡಿದ್ದನ್ನೇ ನೋಡಿದ್ದು ಎಂದರೆ ತಾನೇ ಅಲ್ಲವೇ ಎಂದು ಅವನಿಗೆ ಹೊಳೆಯಿತು. ಅವಳಿಗೆ ಹೊಳೆದ ಹಾಗೆ ಕಾಣಲಿಲ್ಲ.

‘ಮ’ ಕಪಾಟಿಗೆ ಹೋದ. ಮ ಇನ್ನೂ ಸಂಪಾದನೆಗೆ ಬಂದಿರಲಿಲ್ಲ. ಅದರ ಡ್ರಾಯರುಗಳಲ್ಲಿ ಚೀಟಿಗಳು ಸರದಿಗಾಗಿ ಕಾಯುತ್ತ ಮಲಗಿದ್ದವು. ಕೆಂಪು ಗೆರೆ ‘ಮದುವೆ’ಯ ಕೆಳಗೆ ಬಿದ್ದಿದ್ದರೆ? ಬೆರಳಿಗೆ ಉಗುಳು ಹಚ್ಚಿಕೊಂಡು ಒಂದೊಂದೇ ತಿರುವಿದ. ಮದುವೆಯ ಮೂಲದ ಬಗ್ಗೆ ಮೂರು ಪಂಡಿತರು ಮೂರು ದಿಕ್ಕಿಗೆ ಎಳೆದಾಡಿದ ಮೂರು ಚೀಟಿಗಳು ಸಿಕ್ಕವು. ಅವುಗಳ ಮೇಲೆ ಪ್ರಧಾನ ಸಂಪಾದಕರು, ಎಲ್ಲರೂ ದೊಡ್ಡವರು ಎಂದು ಕರೆಯುವವರು, ನೀಲಿ ಶಾಯಿಯಲ್ಲಿ ‘ಮೂಲ ಅನಿಶ್ಚಿತ. ಜಗಳ ಸಾಕು’ ಎಂದು ಬರೆದಿದ್ದರು. ಲೈಸೆನ್ಸು ಇರಲಿಲ್ಲ. ‘ಲ’ಗೆ ಹೋದ. ಲಗ್ನ: ‘ಅಂಟಿಕೊಂಡದ್ದು, ಹತ್ತಿಕೊಂಡದ್ದು.’ ಲೈಸೆನ್ಸ್: ‘ಲ್ಯಾಟಿನ್, ಮಾಡಬಹುದು ಎಂಬ ಅರ್ಥದ ಧಾತುವಿನಿಂದ, ಮೊದಲು ಬರೀ ಸ್ವಾತಂತ್ರ್ಯ, ಆಮೇಲೆ ಅಂಕೆ ಮೀರಿದ ನಡತೆಯೂ.’ ಪಕ್ಕದ ಮನೆಯಾತ ಮೆಟ್ಟಿಲ ಮೇಲೆ ನಿಲ್ಲಿಸಿ, “ನಿಮ್ಮಕ್ಕನಿಗೆ ಲೈಸೆನ್ಸ್ ಬಂತಂತಲ್ಲ, ಗಾಡಿ ಓಡಿಸೋಕೆ ಇನ್ನೂ ಶಕ್ತಿ ಇದೆಯಾ?” ಎಂದು ಕಣ್ಣು ಹೊಡೆದಿದ್ದ. ಅವನ ಕಪಾಳಕ್ಕೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ, ನಕ್ಕ. ಹೌದು, ನಕ್ಕ, ಹಲ್ಲು ಕಾಣಿಸುವ ಹಾಗೆ ನಕ್ಕು ಮೆಟ್ಟಿಲು ಹತ್ತಿ ಬಂದು ಅಕ್ಕ ಬಡಿಸಿದ್ದನ್ನು ಉಂಡ. ಅದನ್ನು ನೆನೆದು ಈಗ ಲ ಕಪಾಟಿನ ಮುಂದೆ ಅವನ ಕಿವಿ ಬಿಸಿಯಾಯಿತು. ‘ವ’ಗೆ ಹೋದ. ವಿವಾಹ: ‘ಹೊತ್ತು ಒಯ್ಯುವುದು.’ ಒಯ್ಯುವುದು ಸರಿ, ಒಯ್ದ ಮೇಲೆ ಆ ಮನೆಯಲ್ಲಿ ಉಳಿದವನ ಗತಿ ಏನು ಎಂದು ಯಾವ ಧಾತುವೂ ಹೇಳುವುದಿಲ್ಲ.

ಮೂರು ಗಂಟೆಗೆ ಫೋನು ಬಂತು. ಫೋನಿರುವುದು ದೊಡ್ಡವರ ಮೇಜಿನ ಮೇಲೆ, ಅವರ ಕನ್ನಡಕ ಮತ್ತು ಅವರ ಮೌನದ ಎದುರು. ಅವನು ರಿಸೀವರನ್ನು ಗೋಡೆಯ ಕಡೆ ತಿರುಗಿ ಹಿಡಿದುಕೊಂಡ.

“ಸಿಕ್ತೇನೋ?” ಮದುವೆ ಕಚೇರಿಯಿಂದ ಅಕ್ಕನ ದನಿ.

“ಸಿಗುತ್ತೆ ಅಕ್ಕ. ಇಲ್ಲೇ ಎಲ್ಲೋ ಇದೆ.”

“ಅವರು ಬಂದಿದಾರೆ. ಐದರ ತನಕ ಮಾತ್ರ ಬಿಟ್ಟಿರೋದು ಆಸ್ಪತ್ರೆಯವರು. ಉಸಿರಾಡೋಕೆ ಕಷ್ಟ ಪಡ್ತಿದಾರೆ, ಆದ್ರೂ ಬಾಯಿ ಸುಮ್ನಿರಲ್ಲ. ಅಧಿಕಾರಿಗೆ ನಿಮ್ಮ ಕನ್ನಡಕದ ಪವರ್ ತಪ್ಪಿದೆ ಅಂತ ಹೇಳ್ತಾ ಕೂತಿದಾರೆ.” ಅವಳ ನಗು ಅರ್ಧಕ್ಕೆ ನಿಂತಿತು. “ನೀನು ಗಾಬರಿ ಮಾಡ್ಕೋಬೇಡ. ಗಾಬರಿ ಆದ್ರೆ ಎದುರಿಗಿರೋದೂ ಕಾಣಲ್ಲ. ಊಟ ಮಾಡಿದ್ಯಾ?”

“ಹ್ಞೂಂ,” ಎಂದ. ಮಾಡಿರಲಿಲ್ಲ. ಫೋನಿಟ್ಟ ಮೇಲೆ ದೊಡ್ಡವರು ತಲೆಯೆತ್ತದೆ, “ಪರವಾನಗಿ ಇವತ್ತು ಪ್ರೆಸ್ಸಿಗೆ ಹೋಗ್ಬೇಕು ಮಾರಾಯ. ಒಂದು ಪದಕ್ಕೆ ಐದು ವಾರ ಕೂತ್ರೆ ನಾವು ಕ್ಷ ಮುಟ್ಟೋ ಹೊತ್ತಿಗೆ ಇಬ್ರೂ ಗೋಡೆ ಮೇಲಿನ ಫೋಟೋದಲ್ಲಿರ್ತೀವಿ,” ಎಂದರು. ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಅವರು ಕೇಳಲಿಲ್ಲ, ಹೇಳುವ ಧೈರ್ಯ ಅವನಿಗೂ ಬರಲಿಲ್ಲ. ನಮ್ಮಕ್ಕ ಮದುವೆ ಆಗ್ತಿದಾರೆ ಸರ್ ಎಂಬ ವಾಕ್ಯವನ್ನು ಅವನು ಮೂರು ತಿಂಗಳಿಂದ ಈ ಕಚೇರಿಯಲ್ಲಿ ಬಾಯಿ ಬಿಟ್ಟು ಆಡಿರಲಿಲ್ಲ. ನಾಚಿಕೆ. ಐವತ್ತೆಂಟರ ಹೆಂಗಸಿಗಿಲ್ಲದ ನಾಚಿಕೆ ಅವನಿಗೆ.

ಕೊನೆಗೆ ಹೇಳಿದ್ದು ಟೈಪಿಸ್ಟಿಗೆ. ಅದೂ ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಬಂದು, ಅವನ ಕೈಯಿಂದ ಡ್ರಾಯರು ಕಿತ್ತುಕೊಂಡು, “ಬೆಳಿಗ್ಗೆಯಿಂದ ಬೆಕ್ಕು ಮರಿ ಕಳ್ಕೊಂಡ ಹಾಗೆ ತಿರುಗ್ತಿದೀರಾ. ಏನದು ಅಂತ ಹೇಳಿ,” ಎಂದು ಎದುರಿಗೆ ನಿಂತ ಮೇಲೆ.

“ಮದುವೆ ಲೈಸೆನ್ಸು.”

“ಅಯ್ಯೋ, ಯಾರ್ದು? ನಿಮ್ದಾ?” ಅವಳ ಕಣ್ಣು ಅರಳಿತು.

“ನಮ್ಮಕ್ಕಂದು.”

“ನಿಮ್ಮ… ಅಕ್ಕ?” ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನಗು ಬರುತ್ತದೆ, ಈಗ ಬಂದೇ ಬರುತ್ತದೆ ಎಂದು ಅವನು ಕಾದ. ಬರಲಿಲ್ಲ. ಕೈ ತೆಗೆದಾಗ ಅವಳ ಮುಖ ಬೇರೆಯಾಗಿತ್ತು. “ಎಷ್ಟು ಗಂಟೆಗೆ ಬೇಕು?” ಎಂದಳು. ಐದಕ್ಕೆ ಎಂದ. ಆಪರೇಷನ್ನಿನ ವಿಷಯವನ್ನೂ ಹೇಳಿದ. “ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ? ಮನುಷ್ಯರೇನ್ರೀ ನೀವು?” ಎಂದು ಬೈದು ‘ಅನುಮತಿ’, ‘ಒಪ್ಪಿಗೆ’, ‘ರಜೆ’ ಎಲ್ಲವನ್ನೂ ತಾನು ನೋಡುತ್ತೇನೆಂದು ಹೊರಟಳು. ರಜೆ ಯಾಕೆ ಎಂದರೆ, “ನೀವೇ ಒಂದ್ಸಲ ಹೇಳಿದ್ರಲ್ಲ, ರಜಾ ಅಂದ್ರೆ ಅರಬಿಯಲ್ಲಿ ಒಪ್ಪಿಗೆ ಅಂತ. ನಿಮ್ಮ ಕೈ ಯಾವ ಕಡೆ ಹೋಗಿರುತ್ತೋ ಯಾರಿಗೆ ಗೊತ್ತು,” ಎಂದಳು. ಆ ಹುಡುಗಿ ಡ್ರಾಯರಿನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಚೀಟಿ ತಿರುವುವುದನ್ನು ನೋಡಿ ಅವನಿಗೆ ಅಳು ಬರುವ ಹಾಗಾಯಿತು. ತನ್ನ ಅಕ್ಕನಿಗಾಗಿ ಇವಳು ಹುಡುಕುತ್ತಿರುವ ಹಾಗೆ ತಾನು ಹುಡುಕುತ್ತಿಲ್ಲ ಎಂದು ಆಗ ಮೊದಲ ಸಲ ಅನ್ನಿಸಿತು. ಬೆಳಿಗ್ಗೆಯಿಂದ ಡ್ರಾಯರು ಎಳೆದಿದ್ದೇನೆ, ಬೆವರಿದ್ದೇನೆ, ಊಟ ಬಿಟ್ಟಿದ್ದೇನೆ. ಊಟ ಬಿಡುವುದೇನು ಹೊಸದಲ್ಲ. ಅವನಿಗೆ ಹದಿನೆಂಟಾಗಿದ್ದಾಗ ಅಕ್ಕನನ್ನು ಕೇಳಿಕೊಂಡು ಒಬ್ಬರು ಮನೆಗೆ ಬಂದಿದ್ದರು, ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಅವರು ಹೋದ ಮೇಲೆ ಅವನು ಏನೂ ಅನ್ನಲಿಲ್ಲ, ಬರೀ ಎರಡು ದಿನ ತಟ್ಟೆ ಮುಟ್ಟಲಿಲ್ಲ. ಮೂರನೆಯ ದಿನ ಅಕ್ಕ ಬೇಡವೆಂದು ಹೇಳಿಕಳಿಸಿ, ಅವನ ತಟ್ಟೆಗೆ ಬಡಿಸಿ ಎದುರಿಗೆ ಕೂತಳು. ಅವನು ಹೊಟ್ಟೆ ತುಂಬ ಉಂಡಿದ್ದ.

ಚೀಲದಿಂದ ತನ್ನ ನಕಲನ್ನು ತೆಗೆದು ಓದಿದ. ಮದುವೆಯಾಗಲು ಯಾವ ಅಡ್ಡಿಯೂ ಇಲ್ಲವೆಂದು ಮನಗಂಡು. ನಕಲಿನಲ್ಲಿ ಗೆರೆ ಪರವಾನಗಿಯ ಕೆಳಗೇ ಇತ್ತು. ಇನ್ನೊಂದು ಸಲ ಓದಿದ. ಓದುತ್ತ ಓದುತ್ತ ಎದ್ದು, ಟೈಪಿಸ್ಟ್ ಹುಡುಗಿಯ ಬೆನ್ನ ಹಿಂದಿನಿಂದ, ದೊಡ್ಡವರ ಕೋಣೆ ದಾಟಿ, ಓಣಿಯ ಕೊನೆಗಿರುವ ಹಿಂದಿನ ಕೋಣೆಗೆ ಬಂದ. ಅಲ್ಲಿರುವುದು ‘ಅ’ದಿಂದ ‘ಈ’ವರೆಗಿನ ಕಪಾಟುಗಳು. ಆ ಸಂಪುಟ ಅಚ್ಚಾಗಿ ಹತ್ತೊಂಬತ್ತು ವರ್ಷವಾಯಿತು. ಅಲ್ಲಿಗೆ ಯಾರೂ ಬರುವುದಿಲ್ಲ, ಅಲ್ಲಿಗೆ ಸೇರಿಸಬೇಕಾದ ಚೀಟಿ ಯಾವುದೂ ಇಲ್ಲ, ದೀಪದ ಗುಂಡಿ ಎಲ್ಲಿದೆಯೆಂದೂ ಅರ್ಧ ಜನಕ್ಕೆ ಗೊತ್ತಿಲ್ಲ. ಅವನು ದೀಪ ಹಾಕಿದ. ನಾಲ್ಕನೆಯ ಸಾಲು, ಕೆಳಗಿನಿಂದ ಎರಡನೆಯ ಡ್ರಾಯರು. ಅದರ ಮುಂಬದಿಯ ದೂಳಿನ ಮೇಲೆ ಐದು ಬೆರಳಿನ ಗುರುತು. ಅಡಿಗೆ, ಅಡುಗೆ, ಅಡ್ಡ, ಅಡ್ಡಿ. ಕಂದಿ ಹೋದ ಚೀಟಿಗಳ ನಡುವೆ ಬೆಳ್ಳಗೆ, ಮೊಹರಿನ ಸಮೇತ, ಅಕ್ಕನ ಹೆಸರಿನ ಸಮೇತ ಅದು ನಿಂತಿತ್ತು. ‘ಅಡ್ಡಿಯೂ’ ಎಂಬುದರ ಕೆಳಗೆ ಕೆಂಪು ಗೆರೆ, ಅದೂ ಅಡಿಪಟ್ಟಿ ಇಟ್ಟು ಎಳೆದದ್ದು. ಗಡಿಬಿಡಿಯಲ್ಲಿ ಎಳೆದ ಗೆರೆ ವಕ್ರವಾಗಿರುತ್ತದೆ. ಇದು ನೆಟ್ಟಗಿತ್ತು.

ಗಡಿಯಾರದಲ್ಲಿ ನಾಲ್ಕೂಕಾಲು. ಮದುವೆ ಕಚೇರಿಗೆ ನಡೆದರೆ ಇಪ್ಪತ್ತೈದು ನಿಮಿಷ, ಓಡಿದರೆ ಹದಿನೈದು. ಈಗ ಹೊರಟರೆ ಸಾಕು, ಎದ್ದು ಹೊರಟರೆ ಸಾಕು. ಅವನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತ. ಸ್ವಲ್ಪ ಸುಧಾರಿಸಿಕೊಂಡು ಏಳೋಣ ಎಂದೇ ಕೂತದ್ದು. ಕೂತ ಮೇಲೆ ಕಾಲು ತನ್ನದಲ್ಲ ಎನ್ನಿಸಿತು. ಐದು ವಾರದ ಹಿಂದಿನ ಆ ಸಂಜೆ ತಾನು ಈ ಕೋಣೆಗೆ ನಡೆದು ಬಂದದ್ದು ಒಂಚೂರೂ ನೆನಪಿಲ್ಲ. ನೆನಪಿಲ್ಲ ಎನ್ನುವುದನ್ನು ಯಾರು ನಂಬುತ್ತಾರೆ? ನಾನೇ ನಂಬುತ್ತಿಲ್ಲ. ಕೈಗೆ ಅಭ್ಯಾಸವಿರುವುದು ಪ ಕಪಾಟಿನ ದಾರಿ. ಈ ಓಣಿಯ ದಾರಿಯನ್ನು ಕೈ ತಾನಾಗಿ ಹಿಡಿಯುವುದಿಲ್ಲ. ಯಾರೋ ಕರೆದುಕೊಂಡು ಬಂದಿರಬೇಕು, ಆ ಯಾರೋ ತನ್ನ ಅಂಗಿಯನ್ನೇ ತೊಟ್ಟು, ಅಕ್ಕ ಹೊಲಿದ ಗುಂಡಿಯನ್ನೇ ಹಾಕಿಕೊಂಡು ಬಂದಿದ್ದಾನೆ. ಅವನನ್ನು ಈಗ ಹಿಡಿದು ಎಬ್ಬಿಸಬೇಕು, ಓಡಿಸಬೇಕು. ನಾಳೆಯಿಂದ ಸಂಜೆ ಆರಕ್ಕೆ ಬೀಗ ತೆಗೆದು ಕತ್ತಲ ಮನೆಗೆ ಕಾಲಿಡುವುದು ಹೇಗಿರುತ್ತದೆ? ‘ಬಂದ್ಯಾ?’ ಎಂದು ಕೇಳುವವರಿಲ್ಲದ ಮನೆಗೆ ಬರುವುದನ್ನು ಬರುವುದು ಎನ್ನುತ್ತಾರೆಯೇ? ಹೆದರಿಕೆಯಾಯಿತು. ಐವತ್ತೊಂದು ವರ್ಷದ ಗಂಡಸಿಗೆ, ದೀಪದ ಕೆಳಗೆ, ಹಗಲು ಹೊತ್ತಿನಲ್ಲಿ, ಮಗುವಿಗೆ ಆಗುವಂಥ ಹೆದರಿಕೆ.

“ಓಹೋ, ಇಲ್ಲಿ ತಪಸ್ಸು ಮಾಡ್ತಿದೀಯಾ?” ಬಾಗಿಲಲ್ಲಿ ದೊಡ್ಡವರು. “ಪ್ರೆಸ್ಸಿನವನು ಬಂದು ಕೂತಿದಾನೆ. ಅರ್ಥ ಬರೆದು ಕೊಡೋ, ಹತ್ತು ನಿಮಿಷದ ಕೆಲಸ.”

ಹತ್ತು ನಿಮಿಷ. ಅವನು ಲೈಸೆನ್ಸನ್ನು ಅಂಗಿಯ ಜೇಬಿಗೆ ಇಳಿಸಿ ಎದ್ದ. ಕಾಲು ಈಗ ಚೆನ್ನಾಗಿಯೇ ನಡೆಯಿತು, ಮೇಜಿನ ಕಡೆಗೆ. ಈಗ ನಾಲ್ಕೂ ಇಪ್ಪತ್ತೈದು, ಹತ್ತು ನಿಮಿಷ ಬರೆದು ಹದಿನೈದು ನಿಮಿಷ ಓಡಿದರೂ ನಾಲ್ಕೂ ಐವತ್ತು, ಹತ್ತು ನಿಮಿಷ ಮಿಗುತ್ತದೆ ಎಂದು ಲೆಕ್ಕ ಹಾಕಿಕೊಂಡ. ಟೈಪಿಸ್ಟ್ ರಜೆಯ ಡ್ರಾಯರಿನಿಂದ ತಲೆಯೆತ್ತಿ ಕಣ್ಣಲ್ಲೇ ಕೇಳಿದಳು. ಅವನು ಕಣ್ಣು ತಪ್ಪಿಸಿದ. ಅವಳು ಮತ್ತೆ ಬಗ್ಗಿದಳು. ‘ಪರವಾನಗಿ (ನಾಮಪದ): ೧. ಬರಹದಲ್ಲಿ ಕೊಟ್ಟ ಆಜ್ಞೆ. ೨. ನಿಷೇಧವಿಲ್ಲವೆಂದು ಅಧಿಕಾರವುಳ್ಳವರು ಕೊಡುವ ಪತ್ರ.’ ಎರಡನೆಯದು ಸರಿಯಾಗಲಿಲ್ಲ. ನಿಷೇಧವಿಲ್ಲ ಎಂದರೆ ಒಪ್ಪಿಗೆ ಇದೆ ಎಂದಾಗುತ್ತದೆಯೇ? ಬೇಡ ಎನ್ನದವನು ಬೇಕು ಎಂದ ಹಾಗೆಯೇ? ಹೊಡೆದು ಹಾಕಿ ಮತ್ತೆ ಬರೆದ. ಮದುವೆಯ ಲೈಸೆನ್ಸು ಮದುವೆಯಲ್ಲ, ಮದುವೆಯಾಗಬಹುದು ಎಂಬ ಮಾತು ಅಷ್ಟೇ. ಆ ‘ಬಹುದು’ವನ್ನು ಅರ್ಥದಲ್ಲಿ ಎಲ್ಲಿ ಕೂರಿಸುವುದು? ಅವನು ಎಷ್ಟೋ ವರ್ಷದಿಂದ ಅಷ್ಟು ಚೆನ್ನಾಗಿ ಯೋಚಿಸಿರಲಿಲ್ಲ. ಒಂದು ಪದಕ್ಕೆ ನ್ಯಾಯ ಸಲ್ಲಿಸುತ್ತಿರುವ ಸಂತೋಷವೂ ಆಯಿತು. ಎಂಥ ನೀಚ ಸಂತೋಷ! ದೊಡ್ಡವರು ಓದಿ “ಅಚ್ಚುಕಟ್ಟಾಗಿದೆ” ಎಂದಾಗ ನಾಲ್ಕೂ ಐವತ್ತೆರಡು.

ಓಡಿದ. ಓಡಿದ್ದು ನಿಜ. ಎದುರಿಗೆ ಬಂದವರಿಗೆ ಡಿಕ್ಕಿ ಹೊಡೆದ, ದಾಟಬಾರದ ಕಡೆ ರಸ್ತೆ ದಾಟಿ ಬಸ್ಸಿನವನಿಂದ ಬೈಸಿಕೊಂಡ. ನೋಡಿದವರು ಪಾಪ, ಏನೋ ಅವಘಡ ಎಂದುಕೊಂಡಿರಬೇಕು. ತಡವಾಗಿದೆ ಎಂದು ಖಚಿತವಾದ ಮೇಲೆ ಓಡುವುದು ಎಷ್ಟು ಸುಲಭ. ಮದುವೆ ಕಚೇರಿಯ ಕಿಟಕಿಗೆ ಒಳಗಿನಿಂದ ಪರದೆ ಎಳೆದಿತ್ತು. ಆಳು ಕಸ ಗುಡಿಸುತ್ತ ಬೆಂಚಿನ ತನಕ ಬಂದು, ಬೆಂಚಿನ ಮೇಲೆ ಕೂತ ಅಕ್ಕನ ಕಾಲು ಎತ್ತಿಸುವುದೋ ಬೇಡವೋ ಎಂದು ನಿಂತಿದ್ದ. ಅಕ್ಕ ಹಸಿರು ಸೀರೆ ಉಟ್ಟಿದ್ದಳು. ಹೊಸದಲ್ಲ, ಇಸ್ತ್ರಿ ಮಾತ್ರ ಹೊಸದು. ಪಕ್ಕದಲ್ಲಿ ಯಾರೂ ಇರಲಿಲ್ಲ.

“ಅವರನ್ನ ಟ್ಯಾಕ್ಸಿ ಹತ್ತಿಸಿ ಕಳಿಸಿದೆ. ಟೈಮ್ ಆಗಿತ್ತು,” ಎಂದಳು. ಆಮೇಲೆ “ಸಿಗಲಿಲ್ವಾ?” ಎಂದಳು.

ಲೈಸೆನ್ಸು ಅಂಗಿಯ ಜೇಬಿನಲ್ಲಿ ಎದೆಗೆ ಒತ್ತುತ್ತಿತ್ತು. ಸಿಕ್ಕಿತು, ಈಗ ತಾನೇ ಸಿಕ್ಕಿತು, ಓಡಿ ಬಂದೆ ಎನ್ನಬಹುದಿತ್ತು. ಅದರಲ್ಲಿ ಅರ್ಧ ನಿಜವೂ ಇತ್ತು. ಆದರೆ ತಲೆ ಆಗಲೇ ಅಡ್ಡಡ್ಡ ಆಡಿಬಿಟ್ಟಿತ್ತು.

“ಹೋಗ್ಲಿ ಬಿಡು. ಪಾಪ, ಎಷ್ಟು ಹುಡುಕಿದ್ಯೋ ಏನೋ. ಬೆವರು ನೋಡು,” ಎಂದು ಅವಳು ಸೆರಗಿನಿಂದ ಅವನ ಹಣೆ ಒರೆಸಿದಳು. ಕಸ ಗುಡಿಸುವವನು ನೋಡುತ್ತಿದ್ದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೊಡೆದಿದ್ದರೆ ಇನ್ನೂ ವಾಸಿ. “ತಪ್ಪು ನಂದೇ,” ಎಂದಳು, “ನನ್ನ ಕಾಗದ ನಾನೇ ಇಟ್ಕೋಬೇಕಿತ್ತು. ನಿನಗೆ ಯಾಕೆ ಹೊರೆ ಮಾಡಿದೆ.” ಆಸ್ಪತ್ರೆಯ ತನಕ ಬಸ್ಸಿನಲ್ಲಿ ಅವಳು ಅವನ ಪಕ್ಕದಲ್ಲಿ ಕೂತು, ಎದುರಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಮೂರನೆಯ ಮಹಡಿಯಲ್ಲಿ ಗಾಜಿನ ಬಾಗಿಲು, ಬಾಗಿಲ ಮುಂದೆ ಮೇಜು, ಮೇಜಿನ ಹಿಂದೆ ನರ್ಸು. ಸಿಡುಕಿನವಳಲ್ಲ, ಸುಸ್ತಾದವಳು. ಹೆಸರು ಕೇಳಿ ಪುಟ ತಿರುವಿದಳು. “ನಾಳೆ ಬೆಳಿಗ್ಗೆ ಮೊದಲನೇ ಕೇಸು. ರಾತ್ರಿ ಜೊತೆ ಒಬ್ರು ಇರಬಹುದು. ಯಾರು?”

“ನಾನು,” ಎಂದಳು ಅಕ್ಕ.

“ನೀವು ಏನಾಗಬೇಕು ಅವರಿಗೆ?”

ಹೆಂಡತಿ ಎಂದುಬಿಡಬಾರದೇ? ಯಾರು ಪರೀಕ್ಷೆ ಮಾಡುತ್ತಾರೆ? ಅನ್ನು ಅಕ್ಕ, ಅನ್ನು ಎಂದು ಅವನು ಒಳಗೊಳಗೇ ಬೇಡಿಕೊಂಡ. ಅವಳಿಗೆ ಬರುವುದಿಲ್ಲ, ಎಂದೂ ಬಂದಿಲ್ಲ. “ಇವತ್ತು ಮದುವೆ ಆಗ್ಬೇಕಿತ್ತು,” ಎಂದಳು.

“ಆಗ್ಬೇಕಿತ್ತು ಅಂದ್ರೆ ಆಗಿಲ್ಲ ಅಲ್ವಾಮ್ಮ?” ನರ್ಸು ಪೆನ್ನು ಕೆಳಗಿಟ್ಟಳು. “ನಾನು ಬಿಟ್ರೂ ರೌಂಡ್ಸಿಗೆ ಬಂದೋರು ಎಬ್ಬಿಸಿ ಕಳಿಸ್ತಾರೆ. ನಾಳೆ ಹೆಚ್ಚು ಕಮ್ಮಿ ಆದ್ರೂ ಮನೆಯೋರಿಗೆ ಮಾತ್ರ ಹೇಳೋದು. ಯಾವ್ದಾದ್ರೂ ಕಾಗದ ಇದೆಯಾ? ಏನಾದ್ರೂ ಸರಿ. ಇಬ್ರ ಹೆಸರೂ ಇರೋದು, ಒಂದು ಸೀಲು ಇರೋದು? ನಾನು ಬರ್ಕೊಳ್ತೀನಿ.”

“ಇಲ್ಲ,” ಎಂದಳು ಅಕ್ಕ. ಗಾಜಿನ ಆಚೆ ಸಾಲಾಗಿ ಹಾಸಿಗೆಗಳು, ಮೂರನೆಯದರಲ್ಲಿ ಯಾರೋ ಮೊಣಕೈಯೂರಿ ಏಳಲು ನೋಡುತ್ತಿದ್ದರು, ಬಾಗಿಲ ಕಡೆಗೇ ಮುಖ. ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಅವನಿಗೆ ಎಲ್ಲ ಸ್ಪಷ್ಟವಾಗಿ ಕಂಡಿತು, ಜೀವಮಾನದಲ್ಲಿ ಅಷ್ಟು ಸ್ಪಷ್ಟವಾಗಿ ಏನೂ ಕಂಡಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಇನ್ನು ಅರ್ಧ ಗಂಟೆಯಲ್ಲಿ ಅಕ್ಕ ತನ್ನ ಜೊತೆ ಮನೆಗೆ ಬರುತ್ತಾಳೆ, ದೀಪ ಹಾಕುತ್ತಾಳೆ, ಬಡಿಸುತ್ತಾಳೆ, ನಾಳೆ ಬೆಳಿಗ್ಗೆ ಏನಾದರೂ ಆದರೆ ಬೀದಿಯವರಿಂದ ಕೇಳಿ ತಿಳಿದುಕೊಳ್ಳುತ್ತಾಳೆ. ಜೇಬಿನಿಂದ ತೆಗೆದರೆ ಅವಳು ಒಳಗೆ ಹೋಗುತ್ತಾಳೆ. ತೆಗೆದರೆ ಗೊತ್ತಾಗುತ್ತದೆ. ಕೈ ಜೇಬಿಗೆ ಹಾಕಿದ. ಲೈಸೆನ್ಸು ತೆಗೆದು ಮೇಜಿನ ಮೇಲಿಟ್ಟ.

ನರ್ಸು ಎರಡು ಹೆಸರು ನೋಡಿದಳು, ಮೊಹರು ನೋಡಿದಳು, ತಾರೀಕು ನೋಡಲಿಲ್ಲ. “ಇದೇ ಸಾಕಲ್ಲ, ಮೊದಲೇ ಕೊಡೋದು ತಾನೇ,” ಎಂದು ಬರೆದುಕೊಂಡು ಅಕ್ಕನ ಕಡೆ ತಳ್ಳಿದಳು. ಅಕ್ಕ ಅದನ್ನು ಎತ್ತಿಕೊಳ್ಳದೆ, ಇದ್ದಲ್ಲಿಯೇ ನೋಡಿದಳು. ಮೊದಲು ಕೆಂಪು ಗೆರೆಯನ್ನು. ಆ ಗೆರೆ ಏನು ಮಾಡುತ್ತದೆಂದು ಇಪ್ಪತ್ತಾರು ವರ್ಷದಿಂದ ಊಟದ ಹೊತ್ತಿಗೆ ಕೇಳಿಸಿಕೊಂಡವಳು ಅವಳು. ಗೆರೆಯ ಮೇಲಿನ ಪದವನ್ನು ಓದಿದಳು. ಆಮೇಲೆ ಅವನ ಜೇಬನ್ನು ನೋಡಿದಳು, ಮುಖವನ್ನಲ್ಲ.

“ಎಷ್ಟು ಹೊತ್ತಿಗೆ ಸಿಕ್ತು?”

“ನಾಲ್ಕೂಕಾಲಿಗೆ.”

“ನಾಲ್ಕೂಕಾಲಿಗೆ,” ಎಂದಳು. ದನಿ ಏರಲಿಲ್ಲ. ಲೈಸೆನ್ಸನ್ನು ಎತ್ತಿಕೊಂಡು, ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡು ಗಾಜಿನ ಬಾಗಿಲನ್ನು ತಳ್ಳಿದಳು. ಅವನು ಅಭ್ಯಾಸದಂತೆ ಹಿಂದೆಯೇ ಎರಡು ಹೆಜ್ಜೆ ಇಟ್ಟ.

“ನೀವು ನಿಲ್ಲಿ ಸರ್,” ನರ್ಸು ಕೈ ಅಡ್ಡ ಹಿಡಿದಳು. ಅವನನ್ನು ತೋರಿಸುತ್ತ, ಒಳಗೆ ಹೋಗುತ್ತಿದ್ದ ಅಕ್ಕನನ್ನು ಕೂಗಿ ಕೇಳಿದಳು: “ಇವರೇನಾಗಬೇಕಮ್ಮ ನಿಮಗೆ?”

ಅಕ್ಕ ಬಾಗಿಲು ಹಿಡಿದುಕೊಂಡೇ ನಿಂತಳು. ತಿರುಗಲಿಲ್ಲ.

“ಅವರು ಏನೂ ಆಗಬೇಕಾಗಿಲ್ಲ,” ಎಂದಳು, “ಜೊತೆಗೆ ಬಂದೋರು.”

ಬಾಗಿಲು ಮುಚ್ಚಿಕೊಂಡಿತು. ನರ್ಸು ಅವನ ಕಡೆ ತಿರುಗಿ, ಹಾಗಾದರೆ ಕೆಳಗಡೆ ಇರಿ ಎಂದಳು.